ಅಡಿಕೆ ಧಾರಣೆಯ ಪುಟ ತೆರೆಯಲು 7 ಸೆಕೆಂಡ್: ರೆಡಿಸ್ ಹಾಕಿದರೆ ಸರಿಹೋಗುತ್ತದಾ?

ಪ್ರಶ್ನೆ: ನಮಸ್ಕಾರ. ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು. ಮೂರು ವರ್ಷದಿಂದ ಅಡಿಕೆ ಧಾರಣೆ ತೋರಿಸುವ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ ನಾನೇ ಬರೆದದ್ದು. ಕನ್ನಡ, ಮಲಯಾಳ ಎರಡರಲ್ಲೂ ಉಂಟು. ಒಟ್ಟು 12 ಊರಿನ ಧಾರಣೆ, ಪ್ರತಿ ಊರಿಗೆ 6 ಬಗೆ: ಹೊಸತು, ಹಳತು, ಡಬಲ್ ಚೋಲು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಕಳೆದ ವರ್ಷ ಹಳೆಯ ಪೇಪರುಗಳನ್ನು ನೋಡಿ ಹಿಂದಿನ ವರ್ಷಗಳ ಧಾರಣೆಯನ್ನೂ ಸೇರಿಸಿದೆ. ಈಗ ಟೇಬಲ್‌ನಲ್ಲಿ ಸುಮಾರು 2 ಲಕ್ಷ ಸಾಲು ಇದೆ. ಮೊದಲು ಸೈಟ್ ಚೆನ್ನಾಗಿಯೇ ಓಡುತ್ತಿತ್ತು. ಈಗ ಮುಖಪುಟ ತೆರೆಯಲು 7-8 ಸೆಕೆಂಡ್ ಬೇಕು. ಸಂಜೆ ಧಾರಣೆ ಹಾಕಿ ವಾಟ್ಸಾಪ್ ಗ್ರೂಪುಗಳಿಗೆ ಲಿಂಕ್ ಕಳಿಸಿದ ಕೂಡಲೇ 300 ಜನ ಒಟ್ಟಿಗೆ ಬರುತ್ತಾರೆ, ಆಗ ಸೈಟ್ ಪೂರ್ತಿ ನಿಂತೇ ಹೋಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣ "ರೆಡಿಸ್ ಹಾಕು, ಎಲ್ಲ ಮೆಮೊರಿಯಿಂದ ಬರುತ್ತದೆ, ಒಂದೇ ಸಲಕ್ಕೆ ಸರಿಯಾಗುತ್ತದೆ" ಅನ್ನುತ್ತಾನೆ. ನನ್ನ ಸರ್ವರ್‌ಗೆ ಇರುವುದು 2 ಜಿಬಿ ರ್ಯಾಮ್. ನನಗೆ ಹೆದರಿಕೆ ಬೇರೆಯದು. ಕ್ಯಾಶ್ ಹಾಕಿದ ಮೇಲೆ ಹಳೆಯ ಧಾರಣೆ ಕಾಣಿಸಿ, ಅದನ್ನು ನಂಬಿ ಯಾರಾದರೂ ಅಡಿಕೆ ಕೊಟ್ಟುಬಿಟ್ಟರೆ? ಇನ್ನೊಂದು, ಎಸ್‌ಎಂಎಸ್ ಬೇಕು ಅಂದವರ ಫೋನ್ ನಂಬರುಗಳನ್ನೂ ರೆಡಿಸ್‌ನಲ್ಲೇ ಇಡಬಹುದಾ?

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕಿಲೋಗೆ 5 ರೂಪಾಯಿ ವ್ಯತ್ಯಾಸ ಅಂದರೆ 2 ಕ್ವಿಂಟಾಲಿಗೆ 1,000 ರೂಪಾಯಿ. ತೋಟದವರಿಗೆ ಅದು ಸಣ್ಣ ಮೊತ್ತವಲ್ಲ. ಸೈಟ್ ನಿಧಾನವಾದರೆ ಜನ ಕಾಯುತ್ತಾರೆ, ಬೈಯುತ್ತಾರೆ, ಆದರೂ ನಾಳೆ ಬರುತ್ತಾರೆ. ತಪ್ಪು ಧಾರಣೆ ತೋರಿಸಿದರೆ ಮತ್ತೆ ಬರುವುದಿಲ್ಲ. ಹಾಗಾಗಿ ವೇಗಕ್ಕೆ ಏನು ಮಾಡಿದರೂ ಈ ಹೆದರಿಕೆಯನ್ನು ಬಿಡಬೇಡಿ.

ಇನ್ನು ಅಣ್ಣನ ಮಾತು. ತಪ್ಪೇನಲ್ಲ, ಆದರೆ ಅರ್ಧ ಮಾತ್ರ ಸರಿ. ರೆಡಿಸ್ ಅಂದರೆ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಕೊಡುವ ಒಂದು ಸಾಫ್ಟ್‌ವೇರ್, ಹೆಚ್ಚಾಗಿ ಕ್ಯಾಶ್ ಆಗಿ ಬಳಸುತ್ತಾರೆ. ಕ್ಯಾಶ್ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಬಾಯಾರು, ಪಡ್ರೆ ಕಡೆ ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗ ನೋಡಿದ್ದೀರಲ್ಲ? ಒಳಗಿನಿಂದ ನೀರು ತೊಟ್ಟು ತೊಟ್ಟಾಗಿ ಹಗಲು ರಾತ್ರಿ ಬರುತ್ತದೆ. ಯಾರೂ ಕೊಡ ಹಿಡಿದು ಸುರಂಗದ ಬಾಯಿಯಲ್ಲಿ ಕಾಯುವುದಿಲ್ಲ. ಹೊರಗೆ ಒಂದು ಟಾಂಕಿ ಇರುತ್ತದೆ, ಅದರಲ್ಲಿ ನಿಂತ ನೀರನ್ನು ಬೇಕಾದಾಗ ಬಿಡುತ್ತಾರೆ. ಡೇಟಾಬೇಸ್ ಸುರಂಗ, ಕ್ಯಾಶ್ ಟಾಂಕಿ. ಆದರೆ ಸುರಂಗದೊಳಗೆ ಮಣ್ಣು ಜರಿದು ನೀರಿನ ದಾರಿ ಕಟ್ಟಿದ್ದರೆ ಟಾಂಕಿ ದೊಡ್ಡದು ಮಾಡಿ ಏನು ಪ್ರಯೋಜನ? ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು ಇದೇ. ಮಣ್ಣು ಜರಿದಿದೆ.

ಲೆಕ್ಕ ಹಾಕಿ ನೋಡೋಣ. 12 ಊರು, 6 ಬಗೆ, ಒಟ್ಟು 72. ನಿಮ್ಮ ಮುಖಪುಟದ ಕೋಡ್ ನಾನು ನೋಡಿಲ್ಲ. ಆದರೆ ಒಬ್ಬರೇ ಕೂತು ಬರೆದ ಇಂಥ ಸೈಟುಗಳನ್ನು ತುಂಬಾ ನೋಡಿದ್ದೇನೆ. ಒಂದು ಲೂಪ್ ಊರಿಗೆ, ಅದರೊಳಗೆ ಇನ್ನೊಂದು ಲೂಪ್ ಅಡಿಕೆಯ ಬಗೆಗೆ, ಒಳಗೆ "ಈ ಊರಿನ, ಈ ಬಗೆಯ ಕೊನೆಯ ಧಾರಣೆ ಕೊಡು" ಅಂತ ಒಂದು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಹಾಗಿದ್ದರೆ ಒಂದು ಸಲ ಪುಟ ತೆರೆದರೆ 72 ಕ್ವೆರಿ. ಟೇಬಲ್‌ಗೆ ಸರಿಯಾದ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇಲ್ಲದಿದ್ದರೆ ಪ್ರತಿ ಕ್ವೆರಿಯೂ 2 ಲಕ್ಷ ಸಾಲನ್ನು ಮೊದಲಿನಿಂದ ಕೊನೆವರೆಗೆ ಓದುತ್ತದೆ. ಒಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ 72ಕ್ಕೆ 7 ಸೆಕೆಂಡ್ ಆಯಿತು. ನೀವು ಹೇಳಿದ ಅಂಕಿಯೂ ಅದೇ ತಾನೇ? ಹಿಂದಿನ ವರ್ಷಗಳ ಧಾರಣೆ ಸೇರಿಸಿದ ಮೇಲೆ ನಿಧಾನವಾಯಿತು ಅನ್ನುವುದೂ ಇದಕ್ಕೇ ಹೊಂದುತ್ತದೆ. ಸಾಲು ಕಡಿಮೆ ಇದ್ದಾಗ ಪೂರ್ತಿ ಓದಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸಂಜೆ ಸೈಟ್ ನಿಲ್ಲುವುದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ. ಪಿಎಚ್‌ಪಿ ಒಟ್ಟಿಗೆ 20 ಜನರ ಪುಟ ತಯಾರಿಸಬಲ್ಲದು ಅಂತ ಇಟ್ಟುಕೊಳ್ಳಿ. ಒಂದಕ್ಕೆ 7 ಸೆಕೆಂಡ್ ಆದರೆ ಸೆಕೆಂಡಿಗೆ ಸುಮಾರು 3 ಪುಟ. 300 ಜನರಿಗೆ 100 ಸೆಕೆಂಡ್. ಪುಟಗಳನ್ನು ಜನರಿಗೆ ತಲುಪಿಸುವ ವೆಬ್ ಸರ್ವರ್ ಇಂಜಿನ್‌ಎಕ್ಸ್ ಆಗಿದ್ದರೆ ಅದು ಸಾಮಾನ್ಯವಾಗಿ 60 ಸೆಕೆಂಡ್ ಕಾದು 504 ಎರರ್ ಕೊಡುತ್ತದೆ. ಅಷ್ಟರಲ್ಲಿ ಜನ ಸುಮ್ನೆ ಇರುತ್ತಾರಾ? ರಿಫ್ರೆಶ್ ಒತ್ತುತ್ತಾರೆ. ಕಾಯುವವರ ಸಾಲು ಇನ್ನೂ ಉದ್ದವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. "ಡೇಟಾಬೇಸ್ ಡಿಸ್ಕಿನಲ್ಲಿರುತ್ತದೆ, ಅದಕ್ಕೇ ನಿಧಾನ. ರೆಡಿಸ್ ಮೆಮೊರಿಯಲ್ಲಿರುತ್ತದೆ, ಅದಕ್ಕೇ ವೇಗ" ಅಂತ ಎಲ್ಲರೂ ಹೇಳುತ್ತಾರೆ. ಡಿಸ್ಕಿಗೂ ಮೆಮೊರಿಗೂ ಇರುವ ಅಂತರ ದೊಡ್ಡದು ನಿಜ. ರ್ಯಾಮಿನಿಂದ ಒಂದು ಮಾಹಿತಿ ತರಲು 1 ಸೆಕೆಂಡ್ ಬೇಕು ಅಂತ ಇಟ್ಟುಕೊಂಡರೆ, ಅದೇ ಅಳತೆಯಲ್ಲಿ ಎಸ್‌ಎಸ್‌ಡಿಗೆ ಕಾಲು ಗಂಟೆಗೂ ಜಾಸ್ತಿ, ಹಳೆಯ ತಿರುಗುವ ಡಿಸ್ಕಿಗೆ ಒಂದು ದಿನಕ್ಕೂ ಜಾಸ್ತಿ ಬೇಕಾಗುತ್ತದೆ. ಆದರೆ ಮೈಎಸ್‌ಕ್ಯೂಎಲ್ ಕೂಡ ಮೆಮೊರಿಯನ್ನೇ ಬಳಸುತ್ತದೆ. ಅದರೊಳಗಿನ ಇನ್ನೋಡಿಬಿ ಅನ್ನುವ ಭಾಗ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ಬಫರ್ ಪೂಲ್ ಅಂತಾರೆ. ಏನೂ ಬದಲಿಸದಿದ್ದರೆ ಅದರ ಅಳತೆ 128 ಎಂಬಿ. ನಿಮ್ಮ 2 ಲಕ್ಷ ಸಾಲು, ತಾರೀಕು ಮತ್ತು ಕೆಲವು ಅಂಕಿ ಮಾತ್ರ ಇರುವಂಥವು, ಅದರೊಳಗೆ ಆರಾಮಾಗಿ ಹಿಡಿಯುತ್ತವೆ. ಅಂದರೆ ನಿಮ್ಮ ಡೇಟಾ ಈಗಾಗಲೇ ಮೆಮೊರಿಯಲ್ಲೇ ಇದೆ! ನಿಧಾನವಾಗಿರುವುದು ಡಿಸ್ಕ್ ಅಲ್ಲ. ಬೇಡದ ಕೆಲಸವನ್ನು 72 ಸಲ ಮಾಡುತ್ತಿರುವುದು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ನೀವೇ ನೋಡಿ. ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ (EXPLAIN) ಅಂತ ಸೇರಿಸಿ ಓಡಿಸಿ, ಡೇಟಾಬೇಸ್ ಅದನ್ನು ಹೇಗೆ ಹುಡುಕುತ್ತದೆ ಅಂತ ತೋರಿಸುತ್ತದೆ. ಟೈಪ್ ಕಾಲಮ್ಮಿನಲ್ಲಿ 'ಆಲ್' ಅಂತಲೂ, ರೋಸ್ ಕಾಲಮ್ಮಿನಲ್ಲಿ 2 ಲಕ್ಷದ ಹತ್ತಿರದ ಅಂಕಿಯೂ ಬಂದರೆ ನನ್ನ ಅಂದಾಜು ಸರಿ. ನಿಧಾನ ಕ್ವೆರಿಗಳ ಲಾಗ್ ನೋಡಿ ಏನೂ ಸಿಗಲಿಲ್ಲ ಅಂತ ಕೆಲವರು ಹೇಳುತ್ತಾರೆ. ಆ ಲಾಗ್ ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದರೂ 10 ಸೆಕೆಂಡ್ ದಾಟಿದ ಕ್ವೆರಿಯನ್ನು ಮಾತ್ರ ಬರೆದುಕೊಳ್ಳುತ್ತದೆ. ನಿಮ್ಮದು ತಲಾ 0.1 ಸೆಕೆಂಡ್. ಒಂದೂ ಸಿಕ್ಕಿಬೀಳುವುದಿಲ್ಲ. ಆ ಮಿತಿಯನ್ನು 0.05ಕ್ಕೆ ಇಳಿಸಿ ಒಂದು ಸಂಜೆ ಬಿಡಿ.

ಊರು, ಬಗೆ, ತಾರೀಕು, ಈ ಮೂರನ್ನೂ ಇದೇ ಅನುಕ್ರಮದಲ್ಲಿ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ. ಮೂರಕ್ಕೆ ಮೂರು ಬೇರೆ ಇಂಡೆಕ್ಸ್ ಮಾಡಬೇಡಿ, ಅದು ಇದೇ ಕೆಲಸ ಮಾಡುವುದಿಲ್ಲ. ಹೀಗೆ ಮಾಡಿದರೆ ಪ್ರತಿ ಕ್ವೆರಿ ನೇರವಾಗಿ ಆ ಊರಿನ ಆ ಬಗೆಯ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತದೆ. ಇಷ್ಟರಿಂದಲೇ ನಿಮ್ಮ 7 ಸೆಕೆಂಡ್ ಬಹುಪಾಲು ಹೋಗಬೇಕು.

ಅದರ ಮೇಲೆ ನಾನು ಮಾಡುವ ಇನ್ನೊಂದು ಕೆಲಸ ಉಂಟು. ಅದು ನಿಮ್ಮ ಹೆದರಿಕೆಗೂ ಮದ್ದು. 'ಇಂದಿನ ಧಾರಣೆ' ಅಂತ 72 ಸಾಲಿನ ಒಂದು ಪುಟ್ಟ ಟೇಬಲ್ ಮಾಡಿ. ಸಂಜೆ ನೀವು ಧಾರಣೆ ಸೇವ್ ಮಾಡುವಾಗ ದೊಡ್ಡ ಟೇಬಲ್‌ಗೆ ಒಂದು ಸಾಲು ಸೇರಲಿ, ಈ ಪುಟ್ಟ ಟೇಬಲ್‌ನ ಸಾಲು ಬದಲಾಗಲಿ, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಆಗುವುದಾದರೆ ಎರಡೂ ಆಗುತ್ತದೆ, ಇಲ್ಲದಿದ್ದರೆ ಎರಡೂ ಆಗುವುದಿಲ್ಲ. ಒಂದು ಹೊಸತು ಇನ್ನೊಂದು ಹಳತು ಅನ್ನುವ ಸ್ಥಿತಿ ಬರುವುದೇ ಇಲ್ಲ. ಮುಖಪುಟಕ್ಕೆ 72 ಕ್ವೆರಿಯ ಬದಲು ಒಂದೇ ಕ್ವೆರಿ. ಇದೂ ಒಂದು ಬಗೆಯ ಕ್ಯಾಶೇ, ಆದರೆ ಡೇಟಾಬೇಸಿನ ಕಾವಲಿನಲ್ಲೇ ಇರುವ ಕ್ಯಾಶ್. ಹೊರಗಿನ ಯಾವ ಕ್ಯಾಶ್‌ಗೂ ಈ ಭರವಸೆ ಕೊಡಲು ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅನ್ನುವುದನ್ನು ಹತ್ತಿರದಿಂದ ತೋರಿಸುತ್ತೇನೆ. ರೆಡಿಸ್ ಆಗಲಿ, ಅದರಂಥದ್ದೇ ಇನ್ನೊಂದಾದ ಮೆಮ್‌ಕ್ಯಾಶ್ಡ್ ಆಗಲಿ, ಹೆಚ್ಚಿನವರು ಬಳಸುವ ಕ್ರಮ ಒಂದೇ. ಮೊದಲು ಕ್ಯಾಶ್‌ನಲ್ಲಿ ನೋಡು. ಇದ್ದರೆ ಕೊಡು. ಇಲ್ಲದಿದ್ದರೆ ಡೇಟಾಬೇಸಿನಿಂದ ತಂದು, ಕ್ಯಾಶ್‌ನಲ್ಲೂ ಒಂದು ಪ್ರತಿ ಇಟ್ಟು ಕೊಡು. ಧಾರಣೆ ಬದಲಾದಾಗ ಡೇಟಾಬೇಸಿನಲ್ಲಿ ಬರೆದು ಕ್ಯಾಶ್‌ನ ಪ್ರತಿಯನ್ನು ಅಳಿಸು. ಕೇಳಲು ಸರಳ. ಈಗ ಸಂಜೆ 6 ಗಂಟೆ ಅಂತ ಇಟ್ಟುಕೊಳ್ಳಿ. ಬದಿಯಡ್ಕದಲ್ಲಿ ಒಬ್ಬರು ಪುಟ ತೆರೆದರು. ಕ್ಯಾಶ್ ಖಾಲಿ. ಅವರಿಗಾಗಿ ಡೇಟಾಬೇಸಿನಿಂದ ನಿನ್ನೆಯ ಧಾರಣೆ ಓದಿ ಆಯಿತು, ಇನ್ನೂ ಕ್ಯಾಶ್‌ಗೆ ಇಟ್ಟಿಲ್ಲ. ಅದೇ ಕ್ಷಣ ನೀವು ಇಲ್ಲಿ ಹೊಸ ಧಾರಣೆ ಸೇವ್ ಮಾಡಿದಿರಿ, ಕ್ಯಾಶ್ ಅಳಿಸಿದಿರಿ. ಅಳಿಸಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಆ ಮೊದಲಿನ ಕೆಲಸ ಮುಂದುವರಿದು, ಕೈಯಲ್ಲಿದ್ದ ನಿನ್ನೆಯ ಧಾರಣೆಯನ್ನು ಕ್ಯಾಶ್‌ನಲ್ಲಿ ಇಟ್ಟಿತು. ಇನ್ನು ಅದರ ಅವಧಿ ಮುಗಿಯುವವರೆಗೆ ಎಲ್ಲರಿಗೂ ಕಾಣುವುದು ನಿನ್ನೆಯದೇ. ನಿಮ್ಮ ಕೋಡಿನಲ್ಲಿ ಒಂದಕ್ಷರವೂ ತಪ್ಪಿಲ್ಲ, ಆದರೂ ಹೀಗಾಯಿತು.

ಇದು ಅಪರೂಪ. ಆದರೆ 300 ಜನ ಒಟ್ಟಿಗೆ ಬರುವ ಹೊತ್ತಿಗೇ ನೀವು ಸೇವ್ ಮಾಡುತ್ತೀರಿ ಅನ್ನುವುದನ್ನು ಮರೆಯಬೇಡಿ. ಅದಕ್ಕೇ ಕ್ಯಾಶ್‌ನಲ್ಲಿ ಇಡುವ ಪ್ರತಿಯೊಂದಕ್ಕೂ ಒಂದು ಅವಧಿ ಕೊಡಬೇಕು. ಟಿಟಿಎಲ್ ಅಂತಾರೆ ಅದಕ್ಕೆ. ನಾನೇ ಅಳಿಸುತ್ತೇನೆ, ಅವಧಿ ಯಾಕೆ ಅಂತ ಬಿಡಬಾರದು. ಅಳಿಸುವುದು ತಪ್ಪಿದ ದಿನ ಕಾಪಾಡುವುದು ಅದೊಂದೇ.

ಎಷ್ಟು ಅವಧಿ? ಇದು ಕಂಪ್ಯೂಟರಿನ ಪ್ರಶ್ನೆ ಅಲ್ಲ, ನಿಮ್ಮ ಓದುಗರ ಪ್ರಶ್ನೆ. ಒಂದೊಂದು ಮಾಹಿತಿಗೂ ಕೇಳಿಕೊಳ್ಳಿ: ಇದು ಎಷ್ಟು ಹಳತಾದರೆ ಯಾರಿಗೆ ನಷ್ಟ? ಹಿಂದಿನ 5 ವರ್ಷದ ಧಾರಣೆಯ ಗ್ರಾಫ್ ಒಂದು ದಿನ ಹಳತಾದರೂ ಯಾರಿಗೂ ಏನೂ ಆಗುವುದಿಲ್ಲ, ಕಳೆದ ವರ್ಷದ ಧಾರಣೆ ಇನ್ನು ಬದಲಾಗುವುದಿಲ್ಲವಲ್ಲ. ಅಂಗಡಿಗಳ ಫೋನ್ ನಂಬರೂ ಹಾಗೇ. ಇಂದಿನ ಧಾರಣೆಗೆ 10 ಸೆಕೆಂಡ್ ಸಾಕು, ಅದಕ್ಕಿಂತ ಜಾಸ್ತಿ ನಾನು ಕೊಡುವುದಿಲ್ಲ. ಲಾಗಿನ್ ಆದವರ ಸ್ವಂತ ಲೆಕ್ಕ, ಮಾರಾಟದ ವಿವರ ಇಂಥದ್ದಿದ್ದರೆ ಕ್ಯಾಶ್ ಬೇಡವೇ ಬೇಡ.

ಬರೇ 10 ಸೆಕೆಂಡಿನಿಂದ ಏನು ಲಾಭ ಅಂತ ಅನಿಸಬಹುದು. ತುಂಬಾ ಉಂಟು. ಆ 10 ಸೆಕೆಂಡಿನಲ್ಲಿ 300 ಜನ ಬಂದರೆ ಡೇಟಾಬೇಸಿಗೆ ಹೋಗುವುದು ಒಬ್ಬರ ಕೆಲಸ ಮಾತ್ರ. ಇದಕ್ಕೆ ರೆಡಿಸ್ ಕೂಡ ಬೇಡ. ಇಂಜಿನ್‌ಎಕ್ಸ್‌ನಲ್ಲೇ ಫಾಸ್ಟ್‌ಸಿಜಿಐ ಕ್ಯಾಶ್ ಇದೆ, ತಯಾರಾದ ಪೂರ್ತಿ ಪುಟವನ್ನೇ ಇಟ್ಟುಕೊಳ್ಳುತ್ತದೆ. ಪಿಎಚ್‌ಪಿಯನ್ನು ಎಬ್ಬಿಸುವುದೇ ಇಲ್ಲ. ಅದರ ಜೊತೆ ಕ್ಯಾಶ್ ಲಾಕ್ ಆನ್ ಮಾಡಿ. ಇಲ್ಲದಿದ್ದರೆ ಅವಧಿ ಮುಗಿದ ಕ್ಷಣದಲ್ಲಿ ಬಂದ ಎಲ್ಲರೂ ಖಾಲಿ ಕ್ಯಾಶ್ ನೋಡಿ ಒಟ್ಟಿಗೆ ಡೇಟಾಬೇಸಿಗೆ ನುಗ್ಗುತ್ತಾರೆ. ಲಾಕ್ ಇದ್ದರೆ ಮೊದಲನೆಯವರೊಬ್ಬರು ಹೋಗಿ ತರುತ್ತಾರೆ, ಉಳಿದವರು ಅರೆಕ್ಷಣ ಕಾಯುತ್ತಾರೆ. ಒಂದು ಎಚ್ಚರ: ನಿಮ್ಮ ಮುಖಪುಟ ಸೆಷನ್ (ಬಂದವರು ಯಾರೆಂದು ನೆನಪಿಡುವುದು) ಶುರು ಮಾಡಿ ಅವರ ಬ್ರೌಸರಿಗೆ ಕುಕೀ ಅನ್ನುವ ಗುರುತು ಕಳಿಸುತ್ತಿದ್ದರೆ ಇಂಜಿನ್‌ಎಕ್ಸ್ ಆ ಪುಟವನ್ನು ಕ್ಯಾಶ್ ಮಾಡುವುದಿಲ್ಲ. ಅದು ಮಾಡದಿರುವುದೇ ಒಳ್ಳೆಯದು. ಸೆಷನ್ ಬೇಕಿಲ್ಲದ ಪುಟದಿಂದ ಅದನ್ನು ತೆಗೆಯಿರಿ. ಆ ನಿಯಮವನ್ನು ಮೀರುವ ಸೆಟ್ಟಿಂಗ್ ಹುಡುಕಬೇಡಿ.

ಈಗ ನಮ್ಮ ಜಿಲ್ಲೆಯವರಿಗೇ ಬರುವ ಒಂದು ತೊಂದರೆ. ಇದನ್ನು ನಾನು ಅನುಭವಿಸಿ ಕಲಿತದ್ದು. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯ ಸೈಟಿಗೆ ಕ್ಯಾಶ್ ಹಾಕಿಕೊಟ್ಟೆ. ಅದೂ ಎರಡು ಭಾಷೆಯ ಸೈಟ್. ಓದುಗರು ಆರಿಸಿದ ಭಾಷೆ ಕುಕೀಯಲ್ಲಿರುತ್ತಿತ್ತು, ಪುಟದ ವಿಳಾಸ ಎರಡಕ್ಕೂ ಒಂದೇ. ಕ್ಯಾಶ್‌ನ ಕೀಯಲ್ಲಿ, ಅಂದರೆ ಇಟ್ಟ ಪ್ರತಿಯನ್ನು ಹುಡುಕುವ ಹೆಸರಿನಲ್ಲಿ, ನಾನು ಇಟ್ಟದ್ದು ವಿಳಾಸ ಮಾತ್ರ. ಭಾಷೆ ಸೇರಿಸಲು ಮರೆತಿದ್ದೆ. ಬೆಳಗ್ಗೆ ಮೊದಲು ಬಂದವರು ಮಲಯಾಳದಲ್ಲಿ ತೆರೆದರು, ಆ ಪುಟ ಕ್ಯಾಶ್‌ನಲ್ಲಿ ಕೂತಿತು. ಆಮೇಲೆ ಒಂದು ಗಂಟೆ ಕನ್ನಡ ಆರಿಸಿದ ಎಲ್ಲರಿಗೂ ಮಲಯಾಳದ ಅರ್ಜಿಯೇ ಕಾಣಿಸಿತು. ಕನ್ನಡ ಗುಂಡಿ ಒತ್ತಿದರೂ ಮಲಯಾಳ. ಕುಂಬಳೆಯಿಂದ ವಯಸ್ಸಾದವರೊಬ್ಬರು ಫೋನ್ ಮಾಡಿ "ಕನ್ನಡ ತೆಗೆದುಬಿಟ್ಟಿರಾ?" ಅಂತ ಕೇಳಿದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ, ಬೇಸರ ಇತ್ತು. ಕಾಸರಗೋಡಿನಲ್ಲಿ ಕನ್ನಡದ ಒಂದು ಫಾರಂಗಾಗಿ ಎಷ್ಟು ಕಚೇರಿಗೆ ಅಲೆದವರು ಅವರು! ಅವರಿಗೆ ಅದು ಸಾಫ್ಟ್‌ವೇರಿನ ತಪ್ಪಾಗಿ ಕಾಣಲು ಸಾಧ್ಯವಿರಲಿಲ್ಲ. ಅವತ್ತಿನಿಂದ ನಾನು ಭಾಷೆಯನ್ನು ವಿಳಾಸದಲ್ಲೇ ಇಡುತ್ತೇನೆ, ಕನ್ನಡಕ್ಕೆ ಒಂದು, ಮಲಯಾಳಕ್ಕೆ ಒಂದು. ನೀವೂ ಹಾಗೇ ಮಾಡಿ. ಪುಟದಲ್ಲಿ ಕಾಣುವುದನ್ನು ಬದಲಿಸುವ ಪ್ರತಿಯೊಂದೂ ಕೀಯಲ್ಲಿ ಇರಬೇಕು. ಅದು ಸದಸ್ಯರ ನಂಬರ್ ಆಗಿದ್ದರೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವಷ್ಟು ದೂರ ಹೋಗುತ್ತದೆ ಈ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೂ ನೀವು ರೆಡಿಸ್ ಹಾಕಬಹುದು. ಸೈಟ್ ಬೆಳೆದು ಎರಡು ಸರ್ವರ್ ಆದರೆ, ಎರಡಕ್ಕೂ ಒಂದೇ ಕ್ಯಾಶ್ ಬೇಕು ಅಂದಾಗ ಅದು ನಿಜವಾಗಿ ಬೇಕಾಗುತ್ತದೆ. ಒಂದೇ ಸರ್ವರ್ ಇದ್ದು ಕೆಲವು ತುಂಡು ಮಾಹಿತಿ ಮಾತ್ರ ಇಡುವುದಾದರೆ ಪಿಎಚ್‌ಪಿಗೆ ಸೇರಿಸುವ ಎಪಿಸಿಯು ಅನ್ನುವ ಕ್ಯಾಶ್ ಇನ್ನೂ ಹಗುರ. ಅದರಲ್ಲಿ ಒಂದು ಮೋಸ ಉಂಟು: ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ತಾನೇ ಓಡಿಸುವುದು) ಓಡುವ ಪಿಎಚ್‌ಪಿ ಬೇರೆ ಪ್ರೋಸೆಸ್ ಆದ ಕಾರಣ ವೆಬ್ ಕಡೆಯ ಎಪಿಸಿಯುವನ್ನು ಅಳಿಸಲು ಅದಕ್ಕೆ ಆಗುವುದಿಲ್ಲ. ಅಳಿಸಿದೆ ಅಂದುಕೊಂಡು ದಿನಗಟ್ಟಲೆ ಹುಡುಕಿದವರಿದ್ದಾರೆ. ಮೆಮ್‌ಕ್ಯಾಶ್ಡ್ 2003ರಲ್ಲಿ ಲೈವ್‌ಜರ್ನಲ್ ಸೈಟಿಗಾಗಿ ಹುಟ್ಟಿದ್ದು, ಈಗಲೂ ಗಟ್ಟಿಮುಟ್ಟಾಗಿದೆ. ಬರೇ ಕ್ಯಾಶ್ ಅಷ್ಟೇ ಬೇಕಿದ್ದರೆ ಅದು ಸಾಕು. ರೆಡಿಸ್ 2009ರದ್ದು, ಪಟ್ಟಿ, ಎಣಿಕೆ, ಕ್ರಮ ಹಾಕುವುದು ಎಲ್ಲ ಬರುತ್ತದೆ. 2024ರಲ್ಲಿ ರೆಡಿಸ್ ಲೈಸೆನ್ಸ್ ಬದಲಾದಾಗ ಅದರಿಂದ ಕವಲೊಡೆದ ವ್ಯಾಲ್‌ಕೀ ಕೂಡ ಈಗ ಉಂಟು. ಹಳೆಯ ಟ್ಯುಟೋರಿಯಲ್‌ಗಳಲ್ಲಿ "ಮೈಎಸ್‌ಕ್ಯೂಎಲ್ ಕ್ವೆರಿ ಕ್ಯಾಶ್ ಆನ್ ಮಾಡಿ" ಅಂತ ಇರುತ್ತದೆ. ಅದನ್ನು 8.0 ಆವೃತ್ತಿಯಿಂದ ತೆಗೆದೇ ಹಾಕಿದ್ದಾರೆ, ಹುಡುಕಿ ಸಮಯ ಕಳೆಯಬೇಡಿ.

2 ಜಿಬಿ ಸರ್ವರಿನಲ್ಲಿ ರೆಡಿಸ್ ಹಾಕುವಾಗ ಮೊದಲ ದಿನವೇ ಮೆಮೊರಿಯ ಮಿತಿ ಕಟ್ಟಿ. ನೀವು ಹೇಳದಿದ್ದರೆ ಅದಕ್ಕೆ ಮಿತಿಯೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ರ್ಯಾಮ್ ಪೂರ್ತಿ ಮುಗಿದಾಗ ಲಿನಕ್ಸ್ ಯಾವುದಾದರೂ ಒಂದು ದೊಡ್ಡ ಪ್ರೋಸೆಸನ್ನು ಕೊಲ್ಲುತ್ತದೆ. ಎಷ್ಟೋ ಸಲ ಸಾಯುವುದು ಮೈಎಸ್‌ಕ್ಯೂಎಲ್. ವೇಗಕ್ಕೆ ಅಂತ ತಂದದ್ದು ಡೇಟಾಬೇಸನ್ನೇ ಮಲಗಿಸಿತು ಅಂತಾಗುತ್ತದೆ. ನಿಮಗೆ 100 ಎಂಬಿ ಧಾರಾಳ. ಮಿತಿ ತುಂಬಿದಾಗ ಏನು ಮಾಡಬೇಕು ಅಂತಲೂ ಹೇಳಿ. ಹೇಳದಿದ್ದರೆ ಹೊಸದನ್ನು ಇಡಲು ಬಿಡದೆ ಎರರ್ ಕೊಡುತ್ತದೆ. ಆಲ್‌ಕೀಸ್-ಎಲ್‌ಆರ್‌ಯು ಅಂತ ಹಾಕಿದರೆ ತುಂಬಾ ಹೊತ್ತು ಯಾರೂ ಕೇಳದ ಮಾಹಿತಿಯನ್ನು ಹೊರಗೆ ಹಾಕಿ ಜಾಗ ಮಾಡುತ್ತದೆ.

ನಿಮ್ಮ ಫೋನ್ ನಂಬರಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬೇಡ. ಆ ನಂಬರುಗಳನ್ನು ದಿನಕ್ಕೆ ಒಂದೇ ಸಲ ಕೇಳುತ್ತೀರಿ. ಜಾಗ ಸಾಲದಾದಾಗ ಮೊದಲು ಹೊರಗೆ ಬೀಳುವುದು ಅಂಥವೇ. ಎರರ್ ಬರುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಒಬ್ಬರಿಗೆ ಎಸ್‌ಎಂಎಸ್ ಬರುವುದು ನಿಂತಿತು ಅಂತ ನಿಮಗೆ ಗೊತ್ತಾಗುವಾಗ ತಿಂಗಳು ಕಳೆದಿರುತ್ತದೆ. ರೆಡಿಸ್ ಡಿಸ್ಕಿಗೂ ಬರೆಯಬಲ್ಲದು ನಿಜ, ಆದರೆ ಹೀಗೆ ಹೊರಹಾಕಿದ್ದನ್ನು ಅದು ಉಳಿಸುವುದಿಲ್ಲ. ಕ್ಯಾಶ್‌ನಲ್ಲಿ ಇಡುವುದೆಲ್ಲ ಬೇರೆಲ್ಲೋ ಇರುವುದರ ಪ್ರತಿ ಆಗಿರಬೇಕು. ಈ ಕ್ಷಣ ಪೂರ್ತಿ ಅಳಿಸಿದರೂ ಸೈಟ್ ನಿಧಾನವಾಗಬೇಕೇ ಹೊರತು ಏನೂ ಕಳೆದುಹೋಗಬಾರದು. ನಂಬರುಗಳು ಮೈಎಸ್‌ಕ್ಯೂಎಲ್‌ನಲ್ಲೇ ಇರಲಿ.

ಇನ್ನೆರಡು ಸಣ್ಣ ಮಾತು. ರೆಡಿಸ್‌ನ 6379, ಮೆಮ್‌ಕ್ಯಾಶ್ಡ್‌ನ 11211 ಪೋರ್ಟುಗಳು ಇಂಟರ್ನೆಟ್ಟಿಗೆ ತೆರೆದಿರಬಾರದು. 127.0.0.1ಕ್ಕೆ, ಅಂದರೆ ಅದೇ ಸರ್ವರಿನ ಒಳವಿಳಾಸಕ್ಕೆ, ಮಾತ್ರ ಕಟ್ಟಿಹಾಕಿ. 2018ರಲ್ಲಿ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ಆದದ್ದು ಯಾರೋ ಹೀಗೆ ತೆರೆದಿಟ್ಟ ಮೆಮ್‌ಕ್ಯಾಶ್ಡ್ ಸರ್ವರುಗಳ ಮೂಲಕವೇ. ಎರಡನೆಯದು, ಭಾನುವಾರ ಧಾರಣೆ ಇಲ್ಲದ ಊರುಗಳು. ಉತ್ತರ ಖಾಲಿ ಬಂದಾಗ ಕೋಡ್ ಅದನ್ನು "ಕ್ಯಾಶ್‌ನಲ್ಲಿ ಇಲ್ಲ" ಅಂತಲೇ ತಿಳಿದು ಪ್ರತಿ ಸಲ ಡೇಟಾಬೇಸಿಗೆ ಓಡುತ್ತದೆ. 'ಇಂದು ಧಾರಣೆ ಇಲ್ಲ' ಅನ್ನುವುದೂ ಒಂದು ಉತ್ತರ. ಅದನ್ನೂ ಕ್ಯಾಶ್‌ನಲ್ಲಿ ಇಡಿ.

ಕ್ಯಾಶ್ ಇರಲಿ ಇಲ್ಲದಿರಲಿ, ಪ್ರತಿ ಧಾರಣೆಯ ಪಕ್ಕದಲ್ಲಿ ಅದನ್ನು ಸೇವ್ ಮಾಡಿದ ತಾರೀಕು, ಗಂಟೆ ತೋರಿಸಿ. ಪುಟ ತಯಾರಾದ ಹೊತ್ತಲ್ಲ, ಧಾರಣೆ ಸೇವ್ ಆದ ಹೊತ್ತು. ನಿನ್ನೆ ತೆರೆದಿಟ್ಟ ಪುಟವನ್ನೇ ಇವತ್ತು ಫೋನಿನಲ್ಲಿ ನೋಡುವವರು ಇರುತ್ತಾರೆ. ಅಲ್ಲಿಗೆ ನಿಮ್ಮ ಯಾವ ಸೆಟ್ಟಿಂಗೂ ತಲುಪುವುದಿಲ್ಲ. ಆ ಒಂದು ಸಾಲು ತಲುಪುತ್ತದೆ.

ಮೊದಲು ಇಂಡೆಕ್ಸ್ ಹಾಕಿ, ಎರಡು ದಿನ ನೋಡಿ, ಆಮೇಲೆ ಪುಟ್ಟ ಟೇಬಲ್, ಅದಾದ ಮೇಲೆ ಇಂಜಿನ್‌ಎಕ್ಸ್. ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಶುರು ಮಾಡುವ ಮೊದಲು ಡೇಟಾಬೇಸಿನ ಒಂದು ಬ್ಯಾಕಪ್ ತೆಗೆದು ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. 2 ಲಕ್ಷ ಸಾಲಿಗೆ ಇಂಡೆಕ್ಸ್ ಆಗಲು ಜಾಸ್ತಿ ಹೊತ್ತು ಬೇಡ, ಆದರೂ ಸಂಜೆ ಮುಟ್ಟಬೇಡಿ. ಬೆಳಗ್ಗೆ ಮಾಡಿ. ಮಾಡುವ ಮುಂಚಿನ ಎಕ್ಸ್‌ಪ್ಲೇನ್ ಉತ್ತರ, ಮಾಡಿದ ಮೇಲಿನದು, ಎರಡನ್ನೂ ನನಗೆ ಕಳಿಸಿ. ನನ್ನ ಅಂದಾಜು ಎಲ್ಲಾದರೂ ತಪ್ಪಿದ್ದರೆ ಅದರಲ್ಲೇ ಕಾಣುತ್ತದೆ, ಅಲ್ಲಿಂದ ಮುಂದೆ ನೋಡೋಣ.